ಎದುರು ಪುಟ

ಕಾಲೇಜಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಸೂಜಿ ಚುಚ್ಚಿ ನೋವು ಕಳೆಯುವ ಚೀನೀ ವೈದ್ಯವನ್ನು ಹೇಳಿಕೊಡುವ ಸಣ್ಣ ಕಾಲೇಜು ಅದು. ಅದರ ಕೊನೆಯ ಮಹಡಿಯಲ್ಲಿ, ಲಿಫ್ಟು ಕೂಡ ‘ಇನ್ನು ನನ್ನಿಂದಾಗದು’ ಎಂದು ಕೈಚೆಲ್ಲುವ ಜಾಗದಲ್ಲಿ, ಲೈಬ್ರರಿ. ಅಲ್ಲಿಯ ಗ್ರಂಥಪಾಲಕಿ ಹೊಸ ಪುಸ್ತಕ ಕೈಗೆ ಬಂದರೆ ಎಲ್ಲರ ಹಾಗೆ ಮುಖಪುಟ ನೋಡುತ್ತಿರಲಿಲ್ಲ. ಬೋರಲು ಹಾಕಿ, ಹಿಂದಿನಿಂದ ತೆರೆದು, ಮೊದಲು ಪದಸೂಚಿ ಓದುತ್ತಿದ್ದಳು. ಹಾಗಾಗಿ ವಿದ್ಯಾರ್ಥಿಗಳ ಬಾಯಲ್ಲಿ ಸೂಚಿಯಮ್ಮ ಆದಳು. ಕೆಳಗಿನ ಮಹಡಿಯಲ್ಲಿ ಸೂಜಿ, ಮೇಲಿನ ಮಹಡಿಯಲ್ಲಿ ಸೂಚಿ, ಎರಡಕ್ಕೂ ಮೊನೆ ಇದೆ ಎಂಬುದು ಅವರ ಹಾಸ್ಯ. ಹೆಸರಿಟ್ಟವರು ಪಾಸಾಗಿ ಹೋದರು, ಹೆಸರು ಮಾತ್ರ ಫೇಲಾಗಿ ಅಲ್ಲೇ ಉಳಿಯಿತು. ಪ್ರಿನ್ಸಿಪಾಲರೂ ಒಮ್ಮೆ ಸಭೆಯಲ್ಲಿ ಬಾಯಿತಪ್ಪಿ ‘ಸೂಚಿ ಮೇಡಂ ಎರಡು ಮಾತಾಡಬೇಕು’ ಎಂದುಬಿಟ್ಟ ಮೇಲೆ ಅದು ಅಧಿಕೃತವೂ ಆಯಿತು.

ಆಕೆಯ ಪಾಲಿಗೆ ಪುಸ್ತಕ ಎಂದರೆ ಕೆಲಸ ಕೇಳಿಕೊಂಡು ಬಂದ ಅಪರಿಚಿತ. ಮುನ್ನುಡಿ ಎಂದರೆ ಬೇಕಾದವರು ಬರೆದುಕೊಟ್ಟ ಶಿಫಾರಸು, ಬೆನ್ನುಡಿ ಎಂದರೆ ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು, ಎರಡನ್ನೂ ನಂಬುವಂತಿಲ್ಲ. ಈ ವೈದ್ಯದ ಮೇಲೆ ಬರುವ ಪುಸ್ತಕಗಳಲ್ಲಿ ಅಚ್ಚು ಚೆನ್ನಾಗಿರುತ್ತದೆ, ಕಟ್ಟು ಚೆನ್ನಾಗಿರುತ್ತದೆ, ಒಟ್ಟಿನಲ್ಲಿ ಬಲು ಅಚ್ಚುಕಟ್ಟು. ಒಳಗೆ ಕೈಹಾಕಿದರೆ ಒಬ್ಬರದನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರದನ್ನು ನೋಡಿ ಮತ್ತೊಬ್ಬರು ಬರೆದದ್ದು. ಮೊದಲನೆಯವನು ಎಲ್ಲಿ ನೋಡಿದ ಎಂದು ಕೇಳಿದರೆ ಮೌನ. ಸೂಚಿಯಮ್ಮ ಕೇಳದೆ ಬಿಡುತ್ತಿರಲಿಲ್ಲ. ಯಾವ ಹಳೆಯ ಗ್ರಂಥದಿಂದ ತೆಗೆದಿರಿ? ಅನುವಾದ ಮಾಡಿದವನಿಗೆ ಚೀನೀ ಭಾಷೆ ಬರುತ್ತಿತ್ತೋ, ಇಲ್ಲ ನಡುವೆ ಇನ್ನೊಂದು ಭಾಷೆಯ ಸೇತುವೆ ಇತ್ತೋ? ಹಳೆಯ ಚೀನೀ ವೈದ್ಯರು ‘ಯಕೃತ್ತು’ ಎಂದಾಗ ಆಪರೇಷನ್ ಟೇಬಲ್ಲಿನ ಮೇಲೆ ಕಾಣುವ ಯಕೃತ್ತನ್ನಷ್ಟೇ ಹೇಳುತ್ತಿರಲಿಲ್ಲ ಎಂದು ಓದುಗನಿಗೆ ಮೊದಲೇ ತಿಳಿಸಿದ್ದೀರೋ? ಒಂದು ಅಂಗುಲ ಎಂದು ಬರೆದಿದ್ದೀರಲ್ಲ, ಆ ಅಂಗುಲ ಯಾರ ಹೆಬ್ಬೆರಳಿನದು, ಚುಚ್ಚುವವನದೋ ಚುಚ್ಚಿಸಿಕೊಳ್ಳುವವನದೋ? ಚುಚ್ಚಿಸಿಕೊಳ್ಳುವವನದೇ ಆಗಬೇಕು, ಅಷ್ಟನ್ನೂ ಬರೆಯದ ಪುಸ್ತಕಗಳು ಕಪಾಟು ತುಂಬ ಇದ್ದವು. ಇನ್ನು ಎಲ್ಲ ರೋಗಕ್ಕೂ ಉತ್ತರ ಇಟ್ಟುಕೊಂಡ ಪುಸ್ತಕವನ್ನು ಆಕೆ ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದಳು, ಸತ್ತ ಇಲಿಯ ಬಾಲ ಹಿಡಿದ ಹಾಗೆ.

ಕೊನೆಯ ಪರೀಕ್ಷೆ ಮಾತ್ರ ಎಲ್ಲ ಪುಸ್ತಕಕ್ಕೂ ಒಂದೇ. ಕತ್ತಿಗೂ ತೋಳಿಗೂ ನಡುವೆ, ಹೆಗಲಿನ ನೆತ್ತಿಯಲ್ಲಿ, ದುಡಿಯುವವರಿಗೆಲ್ಲ ನೋವು ಬಂದು ಕೂರುವ ಒಂದು ತಗ್ಗು ಇದೆ. ಚೀನೀ ವೈದ್ಯರು ಅದನ್ನು ‘ಹೆಗಲ ಬಾವಿ’ ಎನ್ನುತ್ತಾರೆ. ಈ ಬಾವಿಯ ತಳದಲ್ಲಿ ನೀರಿಲ್ಲ, ಶ್ವಾಸಕೋಶದ ತುದಿ ಇದೆ. ಸೂಜಿ ಅಲ್ಲಿ ನೆಟ್ಟಗೆ, ಆಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ತೂತು ಬೀಳುತ್ತದೆ. ಸೂಚಿಯಮ್ಮ ಆ ಪುಟ ತೆರೆದು ಪುಸ್ತಕ ‘ಬೇಡ’ ಎನ್ನುತ್ತದೋ ಇಲ್ಲವೋ ನೋಡುತ್ತಿದ್ದಳು. ‘ಮಾಡು’ ಎನ್ನಲು ಯಾರಿಗೆ ಬರುವುದಿಲ್ಲ? ಪುಸ್ತಕದ ಯೋಗ್ಯತೆ ಗೊತ್ತಾಗುವುದು ಅದು ಕೈ ಹಿಡಿದು ತಡೆಯುವಲ್ಲಿ ಎಂದು ಆಕೆಯ ನಂಬಿಕೆ.

ಹಾಗೆ ಪಾಸಾದ ಪುಸ್ತಕ ‘ಇಟ್ಟಿಗೆ’. ಬಣ್ಣವೂ ತೂಕವೂ ಇಟ್ಟಿಗೆಯದೇ ಆದ್ದರಿಂದ ಆ ಹೆಸರು. ಪ್ರಕಾಶಕರ ಏಜೆಂಟರು ಹೊತ್ತು ತಂದ ಬಣ್ಣಬಣ್ಣದ ಮಾದರಿಗಳನ್ನೆಲ್ಲ ವಾಪಸು ಹೊರಿಸಿ ಕಳಿಸಿದ ಮೇಲೆ, ಮುಚ್ಚಿಹೋಗುತ್ತಿದ್ದ ಒಂದು ಆಸ್ಪತ್ರೆಯವರು ತಮ್ಮ ಲೈಬ್ರರಿ ಖಾಲಿ ಮಾಡುತ್ತಿದ್ದಾರೆಂದು ಕೇಳಿ ಹೋಗಿದ್ದಳು. ಕಾಲು ಮುರಿದ ಕುರ್ಚಿಗಳ, ರೆಕ್ಕೆ ಬಿಚ್ಚಿದ ಫ್ಯಾನುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಧೂಳಿಗೆ ಸೀನುತ್ತ, ಅದನ್ನು ಹಿಂದಿನಿಂದ ತೆರೆದಳು. ಪದಸೂಚಿಯೇ ಒಂದು ಸಣ್ಣ ಪುಸ್ತಕದಷ್ಟಿತ್ತು. ಹೆಗಲ ಬಾವಿಗೆ ಬಂದಳು. ಎಡ ಪುಟದ ತುಂಬ ಚಿತ್ರ. ಚರ್ಮ, ಅದರಡಿ ಸ್ನಾಯು, ಅದರಡಿ ಎಲುಬು, ಪದರ ಪದರವಾಗಿ. ಬಲ ಪುಟದ ತುಂಬ ಮಾತು. ಸೂಜಿ ಓರೆಯಾಗಿ ಹೋಗಲಿ, ಹಿಂದಕ್ಕೆ ಹೋಗಲಿ, ಇಷ್ಟಕ್ಕಿಂತ ಆಳ ಬೇಡ, ಬಸುರಿಗೆ ಬೇಡ, ಮೈಯಲ್ಲಿ ಮಾಂಸವಿಲ್ಲದವರಿಗೆ, ಉಬ್ಬಸದವರಿಗೆ ಬೇಡವೇ ಬೇಡ, ಚುಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ ಕಾಯುತ್ತ ಕೂರಬೇಡ, ಆಸ್ಪತ್ರೆಗೆ ಕಳಿಸು. ಒಂದೊಂದು ಮಾತಿಗೂ ಕೆಳಗೆ ಆಧಾರ. ಇಷ್ಟು ‘ಬೇಡ’ಗಳನ್ನು ಆಕೆ ತನ್ನ ಅಮ್ಮನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಒಟ್ಟಿಗೆ ಕೇಳಿರಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ತಂದಳು. ಕಂಡಕ್ಟರು ಮಗು ಎಂದುಕೊಂಡು ಸೀಟು ಬಿಡಿಸಿಕೊಟ್ಟ ಎಂದು ಆಮೇಲೆ ತಾನೇ ಹೇಳಿ ನಗುತ್ತಿದ್ದಳು.

ತೊಂದರೆ ಏನೆಂದರೆ, ಇಟ್ಟಿಗೆಯ ಮುದ್ರಣ ನಿಂತು ಎಷ್ಟೋ ಕಾಲವಾಗಿತ್ತು. ಇನ್ನೊಂದು ಪ್ರತಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಇರುವ ಒಂದು ಎಲ್ಲರಿಗೂ ಬೇಕು, ಹೊರಗೆ ಕೊಡುವಂತಿಲ್ಲ. ಉಳಿದದ್ದು ಜೆರಾಕ್ಸ್. ಕಾರಿಡಾರಿನ ತುದಿಯಲ್ಲಿ ಮಶಿನ್ ಇಟ್ಟುಕೊಂಡಿದ್ದ ಜೆರಾಕ್ಸ್ ಮಾಮ ಪುಸ್ತಕವನ್ನು ಗಾಜಿನ ಮೇಲೆ ಮಗುಚಿ, ಮೊಣಕೈ ಊರಿ, ಮೈಭಾರವನ್ನೆಲ್ಲ ಹಾಕಿ ಅದುಮುತ್ತಿದ್ದ. ಒಂದು ದಿನ ಒಳಗೆ ಕೂತಿದ್ದ ಸೂಚಿಯಮ್ಮನಿಗೇ ಲಟಕ್ಕೆಂದು ಕೇಳಿಸಿತು.

‘ಏನ್ರೀ ಅದು ಸದ್ದು?’

‘ಏನಿಲ್ಲ ಮೇಡಂ, ಪುಸ್ತಕ ನೆಟಿಗೆ ಮುರೀತು.’

ಮಾರನೆಯ ದಿನ ಗೋಡೆಯ ಮೇಲೆ ಆಕೆಯ ದುಂಡಕ್ಷರದಲ್ಲಿ ನಿಯಮ ಬಂತು. ಇಟ್ಟಿಗೆಯನ್ನು ಅರ್ಧ ಮಾತ್ರ ತೆರೆಯಬೇಕು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಪುಟ. ಒಂದೇ ಪುಟ ಎಂದರೆ ಜನ ಯಾವುದನ್ನು ಕೇಳುತ್ತಾರೆ? ಚಿತ್ರದ್ದನ್ನು. ಚಿತ್ರ ಪುಟವನ್ನೆಲ್ಲ ತುಂಬಿದ್ದರಿಂದ ಮುದ್ರಕ ಪುಸ್ತಕದ ಹೊಲಿಗೆಯ ಪಕ್ಕಕ್ಕೆ, ಮೇಲಿಂದ ಕೆಳಕ್ಕೆ, ಸಣ್ಣ ಅಕ್ಷರದಲ್ಲಿ ‘ಎಚ್ಚರಿಕೆಗಳು ಎದುರು ಪುಟದಲ್ಲಿ’ ಎಂದು ಒಂದು ಸಾಲು ಹಾಕಿದ್ದ. ಅರ್ಧ ತೆರೆದ ಪುಸ್ತಕದಲ್ಲಿ ಹೊಲಿಗೆಯ ಸಂದಿಗೆ ಬೆಳಕು ಹೋಗುವುದಿಲ್ಲ. ಪ್ರತಿಯ ಅಂಚಿಗೆ ಒಂದು ಕಪ್ಪು ಪಟ್ಟಿ ಬರುತ್ತಿತ್ತು, ಆ ಸಾಲು ಅದರಲ್ಲಿ ಮುಳುಗಿರುತ್ತಿತ್ತು. ಸೂಚಿಯಮ್ಮ ಆ ಪಟ್ಟಿಯನ್ನು ಎಷ್ಟೋ ಸಲ ನೋಡಿದ್ದಳು. ನಿಯಮ ಪಾಲನೆಯಾಗುತ್ತಿದೆ, ಪುಸ್ತಕದ ಬೆನ್ನು ಉಳಿಯುತ್ತಿದೆ ಎಂದು ಸಮಾಧಾನಪಟ್ಟಿದ್ದಳು.

ಹಾಗೆ ಒಂದು ಪುಟ ಮಾಡಿಸಿಕೊಂಡು ಹೋದವರಲ್ಲಿ ಆಕೆಯ ತಮ್ಮನೂ ಒಬ್ಬ.

ಅವರು ಮೂವರು ಒಡಹುಟ್ಟಿದವರು. ದೊಡ್ಡವಳು ಅಕ್ಕ, ಮನೆಯಲ್ಲೇ ಮಶಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ನಡುವಿನವಳು ಸೂಚಿಯಮ್ಮ. ಕಿರಿಯವನು ಪುಟ್ಟ, ತಲೆ ನರೆತು ಹೊಟ್ಟೆ ಮುಂದಕ್ಕೆ ಬಂದರೂ ಮನೆಯವರಿಗೆ ಅವನು ಪುಟ್ಟನೇ. ಇದೇ ಕಾಲೇಜಿನಲ್ಲಿ ಕಲಿತು, ಒಂದು ಔಷಧಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಸೂಜಿ ಕ್ಲಿನಿಕ್ ನಡೆಸುತ್ತಿದ್ದ. ‘ಒಬ್ಬಳು ಬಟ್ಟೆಗೆ ಚುಚ್ತಾಳೆ, ಒಬ್ಬ ಮೈಗೆ ಚುಚ್ತಾನೆ, ನಡುವಿನವಳು ಮಾತಲ್ಲೇ ಚುಚ್ತಾಳೆ. ದಾರ ಇರೋದು ಒಬ್ಬಳ ಹತ್ರ ಮಾತ್ರ’ ಎಂದು ಭಾವ ಹೇಳುತ್ತಿದ್ದ. ಭಾವ ಎಂದರೆ ಅಕ್ಕನ ಗಂಡ, ಬೀದಿ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನು. ಬೀಗರ ಮನೆ ಹುಡುಕಿದರೆ ಬೀಗದವರ ಮನೆಯೇ ಸಿಕ್ಕಿತು ಎಂದು ಅಕ್ಕ ಮದುವೆಯ ದಿನ ಹೇಳಿದ ಮಾತಿಗೆ ಅವನು ಇನ್ನೂ ಪ್ರತಿ ಸಲ ಹೊಸದಾಗಿ ನಗುತ್ತಿದ್ದ. ಮೂವರನ್ನೂ ಕಟ್ಟಿಹಾಕಿದ ದಾರ ಅಕ್ಕನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಕ್ಕನದು ಕಡ್ಡಿಯಂಥ ಮೈ. ಚಿಕ್ಕಂದಿನಿಂದ ಉಬ್ಬಸ. ಮಶಿನ್ನಿನ ಮೇಲೆ ಬಾಗಿ ಬಾಗಿ ಬಲಹೆಗಲು ಕಲ್ಲಾಗಿತ್ತು. ಒಂದು ರಜೆಯ ಮಧ್ಯಾಹ್ನ ಸೂಚಿಯಮ್ಮ ಅವಳ ಮನೆಯ ನೆಲದ ಮೇಲೆ ಕೂತು, ಅಕ್ಕ ಹೊಲಿದು ಎಸೆದ ರವಿಕೆಗಳ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದಳು.

‘ಹೆಗಲಿಗೆ ನಾಲ್ಕು ಸೂಜಿ ಹಾಕ್ತೀನಿ ಬಾ ಅಂತ ಪುಟ್ಟ ಕರೀತಿದಾನೆ ಕಣೆ. ಹೋಗ್ಲಾ?’ ಎಂದಳು ಅಕ್ಕ.

‘ಹೋಗು.’

‘ನೋವಾಗುತ್ತಾ?’

‘ದಿನಾ ಬೆರಳಿಗೆ ಚುಚ್ಚಿಸ್ಕೊಳ್ಳೋಳಿಗೆ ಎಂಥ ನೋವು? ಅವನ ಕೈ ಹಗುರ.’

‘ನಿನ್ನ ಪುಸ್ತಕ ಏನನ್ನುತ್ತೆ ಇದಕ್ಕೆ?’

‘ರಜಾ ದಿನ ನನ್ನ ಹತ್ರ ಪುಸ್ತಕದ ಮಾತು ಆಡ್ಬೇಡ ತಾಯಿ. ದಾರ ಎಲ್ಲಿಟ್ಟೆ ಹೇಳು.’

ಅಕ್ಕ ಹೋದಳು. ಪುಟ್ಟ ಅವಳನ್ನು ಮಂಚದ ಮೇಲೆ ಕೂರಿಸಿ, ಗೋಡೆಗೆ ಅಂಟಿಸಿದ್ದ ಚಿತ್ರ ನೋಡಿ, ಅವಳದೇ ಹೆಬ್ಬೆರಳಿನಿಂದ ಅಳೆದು ಜಾಗ ಗುರುತು ಮಾಡಿದ. ಜಾಗ ಸರಿಯಾಗಿಯೇ ಇತ್ತು. ಸೂಜಿ ಮಾತ್ರ ನೆಟ್ಟಗೆ ಇಳಿಯಿತು. ಮನೆಗೆ ಬಂದು ಹೆಗಲು ಹೂವಿನ ಹಾಗಾಗಿದೆ ಎಂದಳಂತೆ. ಸಂಜೆ ಉಸಿರು ಸಿಕ್ಕಿಕೊಂಡಿತು. ಉಬ್ಬಸ ಅವಳ ಹಳೇ ನೆಂಟ. ಎಂದಿನಂತೆ ಪಂಪು ಬಾ‍ಯಿಗಿಟ್ಟು ಎರಡು ಸಲ ಒತ್ತಿ ಗೋಡೆಗೆ ಒರಗಿದಳು. ಭಾವ ಫೋನ್ ಮಾಡಿದಾಗ ಪುಟ್ಟ, ‘ಮಲಗಿಸಿ ಭಾವ, ಸೂಜಿ ಹಾಕಿದ ದಿನ ಸುಸ್ತು ಸಹಜ’ ಎಂದ. ಬೆಳಿಗ್ಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗ ಅವಳ ತುಟಿ ನೀಲಿಯಾಗಿತ್ತು. ಶ್ವಾಸಕೋಶಕ್ಕೆ ತೂತು ಬಿದ್ದು ಎದೆಯೊಳಗೆ ಗಾಳಿ ತುಂಬಿದೆ ಎಂದರು ಡಾಕ್ಟರು. ‘ನಿನ್ನೆಯೇ ತಂದಿದ್ದರೆ...’ ಎಂದು ಅಷ್ಟಕ್ಕೇ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಇರಲಿಲ್ಲ. ಡಾಕ್ಟರು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಭಾವ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಪೂರ್ತಿ ಮಾಡಿ ಹೇಳತೊಡಗಿದ.

ಆಮೇಲೆ ಅವನೇ ದೂರು ಕೊಟ್ಟ. ಸೂಜಿ ವೈದ್ಯರಿಗೆ ಪರವಾನಗಿ ಕೊಡುವ, ಬೇಕೆಂದರೆ ಕಿತ್ತುಕೊಳ್ಳುವ ಮಂಡಳಿ ಒಂದಿತ್ತು. ಪುಟ್ಟ ಮಂಡಳಿಗೆ, ತಾನು ಕಾಲೇಜಿನ ಗ್ರಂಥದ ಚಿತ್ರ ನೋಡಿಯೇ ಚುಚ್ಚಿದ್ದು, ಅದರಲ್ಲಿ ಆಳದ ಮಾತೂ ಇರಲಿಲ್ಲ ಎಚ್ಚರಿಕೆಯೂ ಇರಲಿಲ್ಲ ಎಂದು ಹೇಳಿದ. ಆ ಗ್ರಂಥ ನಂಬುವಂಥದೇ ಎಂದು ಮಂಡಳಿ ಕಾಲೇಜನ್ನು ಕೇಳಿತು. ಪ್ರಿನ್ಸಿಪಾಲರು ಸೂಚಿಯಮ್ಮನನ್ನು ಕರೆಸಿದರು.

‘ಸರ್, ಅವನು ನನ್ನ ತಮ್ಮ. ಹೋದವಳು ನನ್ನ ಅಕ್ಕ. ನಾನು ಹೇಗೆ ಹೇಳ್ಲಿ?’

‘ಪುಸ್ತಕ ನಿಮಗೆ ಏನೂ ಆಗ್ಬೇಕಾಗಿಲ್ವಲ್ಲ. ಅದರ ಬಗ್ಗೆ ಹೇಳಿ ಸಾಕು’ ಎಂದರು ಪ್ರಿನ್ಸಿಪಾಲರು. ಕೈ ತೊಳೆದುಕೊಳ್ಳುವುದನ್ನು ಅವರು ಆಪರೇಷನ್ ಥಿಯೇಟರಿನಲ್ಲಿ ಕಲಿತವರಲ್ಲ, ಆದರೂ ಚೆನ್ನಾಗಿ ಬರುತ್ತಿತ್ತು.

ಪುಸ್ತಕದ ತಪ್ಪು ಎಂದು ಆಕೆ ಹೇಳಿದರೆ ಪುಟ್ಟ ಒಂದು ಎಚ್ಚರಿಕೆ ಕೇಳಿಸಿಕೊಂಡು ಪಾರಾಗುತ್ತಾನೆ. ಪುಸ್ತಕ ಸರಿ ಎಂದರೆ ಅವನ ಕೈಯಿಂದ ಸೂಜಿ ಹೋಗುತ್ತದೆ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕಸುಬು. ಕಾರಿಡಾರಿನಲ್ಲಿ ನಡೆದು ಬರುವಾಗ ಜೆರಾಕ್ಸ್ ಮಾಮ ಮಶಿನ್ ನಿಲ್ಲಿಸಿ ಎದ್ದು ನಿಂತ. ಆಕೆ ಅವನನ್ನು ನೋಡಲಿಲ್ಲ.

ಪುಟ್ಟ ಲೈಬ್ರರಿಗೆ ಬಂದದ್ದು ವಿಚಾರಣೆಗೆ ವಾರ ಇರುವಾಗ. ಓದುವ ಮೇಜುಗಳು ಖಾಲಿ ಇದ್ದವು. ಅವನು ಗಡ್ಡ ಬಿಟ್ಟಿದ್ದ. ಇಟ್ಟಿಗೆ ಮೇಜಿನ ಮೇಲಿತ್ತು. ಅದನ್ನು ಮುಟ್ಟದೆ, ಅದರ ಎದುರು ಕುರ್ಚಿ ಎಳೆದು ಕೂತ.

‘ಅಕ್ಕಾ, ಎಚ್ಚರಿಕೆ ಸಾಲನ್ನ ಹೊಲಿಗೆ ಒಳಗೆ ಹಾಕಿದ್ದು ಪುಸ್ತಕದೋರ ತಪ್ಪು ಅನ್ನು. ಅಷ್ಟು ಅಂದ್ರೆ ಸಾಕು.’

‘ಹೊಲಿಗೆ ಒಳಗಿಲ್ಲ ಅದು. ಪಕ್ಕದಲ್ಲಿದೆ. ಪೂರ್ತಿ ತೆರೆದ್ರೆ ಕಾಣುತ್ತೆ.’

‘ಪೂರ್ತಿ ತೆರೆಯೋಕೆ ಬಿಡದೇ ಇದ್ದೋರು ಯಾರು?’

ಸೂಚಿಯಮ್ಮ ಗೋಡೆಯ ಮೇಲಿನ ತನ್ನ ದುಂಡಕ್ಷರಗಳನ್ನು ನೋಡಿದಳು.

‘ನಿನ್ನನ್ನ ಹಿಡಿದುಹಾಕೋಕೆ ಹೇಳ್ತಿಲ್ಲ ನಾನು’ ಎಂದು ಅವನು ದನಿ ಇಳಿಸಿದ. ‘ನಿನ್ನ ನಿಯಮದ ಸುದ್ದಿಯೇ ಬೇಡ. ಪುಸ್ತಕದ ಮೇಲೆ ಹಾಕು. ಪುಸ್ತಕಕ್ಕೇನು ಹೆಂಡತಿ ಮಕ್ಕಳಿದಾರಾ? ಬರೆದೋನು ಸತ್ತು ಯಾವ ಕಾಲ ಆಯ್ತೋ. ಒಂದು ಕೆಟ್ಟ ಮಾತು ಕೇಳಿದ್ರೆ ಅದರ ಗಂಟೇನು ಹೋಗುತ್ತೆ? ದೊಡ್ಡಕ್ಕ ಇದ್ದಿದ್ರೆ, ಹೇಳೇ ಪಾಪ ಅಂತಿದ್ಳು.’

‘ಅವಳು ಇದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ ಪುಟ್ಟ.’

ಅವನು ಎದ್ದ. ‘ಚುಚ್ಚು. ಎಲ್ಲಾರೂ ಚುಚ್ಚಿದ್ದಾಯ್ತು, ನೀನೂ ಚುಚ್ಚು’ ಎಂದು ಹೊರಟುಹೋದ.

ಆ ವಾರ ಸೂಚಿಯಮ್ಮ ಇಟ್ಟಿಗೆಯನ್ನು ಹಿಂದೆಂದೂ ಓದದ ಹಾಗೆ ಓದಿದಳು. ಇಷ್ಟು ಕಾಲ ಪುಸ್ತಕಗಳಲ್ಲಿ ಗುಣ ಸಿಕ್ಕೀತೇ ಎಂದು ಹುಡುಕಿದವಳು ಈಗ ದೋಷಕ್ಕಾಗಿ ಹುಡುಕಿದಳು, ಜೇಬುಗಳ್ಳನ ಮೈ ತಡಕುವ ಪೊಲೀಸನ ಹಾಗೆ. ದೋಷಗಳು ಇದ್ದವು. ಮುಂಗೈಯ ಒಂದು ಚಿತ್ರದ ಕೆಳಗೆ ಎಡ ಬಲ ಅದಲು ಬದಲಾಗಿತ್ತು. ಪದಸೂಚಿಯಲ್ಲಿ, ಆಕೆ ಅಷ್ಟು ಮೆಚ್ಚಿದ್ದ ಪದಸೂಚಿಯಲ್ಲೇ, ಎರಡು ಕಡೆ ಪುಟದ ಅಂಕೆ ತಪ್ಪಿತ್ತು. ಒಂದು ಚೀನೀ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿದ್ದರು. ಪ್ರತಿಯೊಂದು ಸಿಕ್ಕಿದಾಗಲೂ ಇದು ಸಾಕಾದೀತೇ ಎಂದು ನೋಡಿ, ಸಾಲದೆಂದು ಪುಟ ಮಗುಚಿದಳು. ಹೆಗಲ ಬಾವಿಯ ಪುಟದಲ್ಲಿ ಏನೂ ಇರಲಿಲ್ಲ. ಆಧಾರಗಳನ್ನೆಲ್ಲ ಬೇರೆ ಪುಸ್ತಕಗಳೊಂದಿಗೆ ತಾಳೆ ನೋಡಿದಳು, ಎಲ್ಲ ಸರಿ. ಮಾಂಸವಿಲ್ಲದವರಿಗೆ, ಉಬ್ಬಸದವರಿಗೆ ಬೇಡವೇ ಬೇಡ. ಅದನ್ನು ಓದುವಾಗ ತನ್ನ ತುಟಿ ಕಣ್ಣಿಗಿಂತ ಮುಂದೆ ಮುಂದೆ ಹೋಗುತ್ತಿದೆ ಎಂದು ಆಕೆಗೆ ಅರಿವಾಯಿತು. ಈ ಪುಟ ತನಗೆ ಬಾಯಿಪಾಠ ಇತ್ತು. ರವಿಕೆಯ ದಾರ ಬಿಚ್ಚುತ್ತ ಕೂತಿದ್ದ ಆ ಮಧ್ಯಾಹ್ನವೂ ಬಾಯಿಪಾಠವೇ ಇತ್ತು. ಅಕ್ಕ ಕೇಳಿಯೂ ಇದ್ದಳು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ತಿರುಗಿದರೂ ಗಾಳಿ ಕೊಡದ ಫ್ಯಾನು. ಮಂಡಳಿಯ ಅಧ್ಯಕ್ಷರು ಬೋಳುತಲೆಯ ವೈದ್ಯರು. ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಅವರ ಅಭ್ಯಾಸ. ಗೋಡೆಯ ಪಕ್ಕದ ಬೆಂಚಿನ ಈ ತುದಿಗೆ ಪುಟ್ಟ, ಆ ತುದಿಗೆ ಭಾವ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

‘ಈ ಗ್ರಂಥದಲ್ಲಿ ದೋಷಗಳಿವೆಯಾ?’ ಎಂದರು ಅಧ್ಯಕ್ಷರು.

‘ಇವೆ’ ಎಂದು ಸೂಚಿಯಮ್ಮ ಮುಂಗೈಯನ್ನೂ ಅಂಕೆಗಳನ್ನೂ ಹೇಳಿದಳು.

‘ಹೆಗಲಿನ ಪುಟದಲ್ಲಿ?’

ಪುಟ್ಟ ಮುಂದಕ್ಕೆ ಬಾಗಿದ. ಚಿಕ್ಕಂದಿನಲ್ಲಿ ಲೆಕ್ಕದ ಉತ್ತರ ಹೇಳಿಕೊಡಲಿ ಎಂದು ಕಾಯುವಾಗ ಹೀಗೆಯೇ ಬಾಗುತ್ತಿದ್ದ.

‘ಇಲ್ಲ’ ಎಂದಳು. ‘ಆ ಪುಟ ಸರಿಯಾಗಿದೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅರ್ಧ ತೆರೀಬೇಕು, ಒಂದೇ ಪುಟ ತೆಗೀಬೇಕು ಅಂತ ನಾನು ನಿಯಮ ಮಾಡಿದ್ದೆ. ಅದರಿಂದ ಚಿತ್ರ ಹೊರಗೆ ಹೋಯ್ತು, ಎಚ್ಚರಿಕೆ ಒಳಗೇ ಉಳೀತು.’

‘ಅಂಥ ನಿಯಮ ಯಾಕೆ ಮಾಡಿದ್ರಿ?’

‘ಪುಸ್ತಕದ ಬೆನ್ನು ಮುರೀತಿತ್ತು.’

ಬೆಂಚಿನ ಆ ತುದಿಯಿಂದ ಭಾವ, ಆಸ್ಪತ್ರೆಯಲ್ಲಿ ಪರಿಚಯದವರ ಆರೋಗ್ಯ ವಿಚಾರಿಸುವ ದನಿಯಲ್ಲಿ, ‘ಈಗ ಹೇಗಿದೆ? ಬೆನ್ನು ಗಟ್ಟಿ ಇದೆಯಾ?’ ಎಂದು ಕೇಳಿದ.

ಅಧ್ಯಕ್ಷರ ಪೆನ್ನು ನಿಂತಿತು. ಯಾರೂ ತಡೆಯಲಿಲ್ಲ.

‘ಗಟ್ಟಿ ಇದೆ ಭಾವ.’

‘ಒಳ್ಳೇದು.’

ಸೂಚಿಯಮ್ಮ ಕೂರಲಿಲ್ಲ. ಅಕ್ಕ ಹೋಗುವ ಮುಂಚೆ ತನ್ನನ್ನು ಕೇಳಿದ್ದಳು, ತನಗೆ ಆ ಪುಟ ಬಾಯಿಗೆ ಬರುತ್ತಿತ್ತು, ರಜಾ ದಿನ ಎಂದು ತಾನು ಬಾಯಿ ಬಿಡಲಿಲ್ಲ ಎಂದೂ ಹೇಳಿದಳು. ‘ಅದು ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ’ ಎಂದು ಅಧ್ಯಕ್ಷರು ಬರೆದುಕೊಳ್ಳುವವರಿಗೆ ಕೈಸನ್ನೆ ಮಾಡಿದರು. ಬರೆದುಕೊಳ್ಳುವವರು ನಿಲ್ಲಿಸಿದರು. ಭಾವ ಮಾತ್ರ ಅಂದು ಮೊದಲ ಸಲ ತಲೆ ಎತ್ತಿ ಆಕೆಯ ಮುಖ ನೋಡಿದ, ಕೀಲಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬೀಗದೊಳಕ್ಕೆ ನೋಡುವ ಹಾಗೆ. ಆಮೇಲೆ ಎದ್ದು, ಯಾರ ಅಪ್ಪಣೆಗೂ ಕಾಯದೆ, ಬಾಗಿಲು ತೆರೆದುಕೊಂಡು ಹೋದ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮನುಷ್ಯರ ಮೈಗೆ ಸೂಜಿ ಹಾಕುವವನು ಗೋಡೆಗೆ ಅಂಟಿಸಿದ ಒಂದು ಹಾಳೆಯನ್ನು ನೆಪ ಹೇಳುವಂತಿಲ್ಲ. ಉಸಿರು ಕಟ್ಟಿದೆ ಎಂದಾಗ ಮಲಗಿಸಿ ಎಂದದ್ದಕ್ಕಂತೂ ಯಾವ ಪುಸ್ತಕವೂ ಹೊಣೆಯಲ್ಲ. ಪುಟ್ಟನ ಪರವಾನಗಿ ರದ್ದಾಯಿತು. ಕೊನೆಗೆ ಅಧ್ಯಕ್ಷರು, ಇಂಥ ಪ್ರಕರಣದಲ್ಲಿ ಸಿಕ್ಕಿಕೊಂಡ ಗ್ರಂಥ ಕಪಾಟಿನಲ್ಲಿ ಇರುವುದು ಶೋಭೆಯಲ್ಲ, ತೆಗೆದಿಡಿ ಎಂದರು.

‘ಇದನ್ನ ತೆಗೆದ್ರೆ ಉಳಿಯೋ ಪುಸ್ತಕಗಳಲ್ಲಿ ಆ ಎಚ್ಚರಿಕೆಯೇ ಇಲ್ಲ ಸರ್.’

‘ಅವುಗಳ ಮೇಲೆ ಯಾರದೂ ದೂರಿಲ್ಲವಲ್ಲ’ ಎಂದು ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಸೂಚಿಯಮ್ಮ ಇಟ್ಟಿಗೆಯನ್ನು ಎದೆಗವಚಿಕೊಂಡು ಹೋಗಿ ಉಗ್ರಾಣದಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನ ಮೇಲೆ ಇಟ್ಟು ಬಂದಳು. ಗೋಡೆಯ ನಿಯಮವನ್ನು ಉಗುರಿನಿಂದ ಕೆರೆದು ತೆಗೆದಳು. ಅದು ಅನ್ವಯಿಸುವ ಪುಸ್ತಕವೇ ಈಗ ಇರಲಿಲ್ಲ.

ಪುಟ್ಟ ಕ್ಲಿನಿಕ್ ಖಾಲಿ ಮಾಡುತ್ತಿದ್ದಾನೆಂದು ಆಕೆಗೆ ಹೇಳಿದ್ದು ಕೆಳಗಿನ ಔಷಧಿ ಅಂಗಡಿಯವನು. ಪುಟ್ಟ ಹೇಳಿರಲಿಲ್ಲ. ವಿಚಾರಣೆಯಾದ ಮೇಲೆ ಅವರಿಬ್ಬರ ನಡುವೆ ಮಾತೇ ಆಗಿರಲಿಲ್ಲ. ಮೆಟ್ಟಿಲು ಹತ್ತಿ ಹೋದಳು. ಕೋಣೆಯಲ್ಲಿ ಸೂಜಿಯ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಆಗಿತ್ತು. ಮೈಯೆಲ್ಲ ಚುಕ್ಕೆ ಇಟ್ಟುಕೊಂಡ ಪ್ಲಾಸ್ಟಿಕ್ ಮನುಷ್ಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಇನ್ನೂ ಹೊರಡದೆ ಉಳಿದದ್ದು ರೋಗಿಗಳನ್ನು ಮಲಗಿಸುವ ಕಬ್ಬಿಣದ ಮಂಚ, ಮತ್ತು ಗೋಡೆಯ ಮೇಲಿನ ಹಾಳೆ.

‘ಬಂದ್ಯಾ’ ಎಂದ.

‘ಹ್ಞೂಂ.’

ಆಕೆ ಹಾಳೆಯ ಹತ್ತಿರ ಹೋದಳು. ಮೊದಲ ಸಲ ಅದನ್ನು ಹತ್ತಿರದಿಂದ ನೋಡುತ್ತಿದ್ದಳು. ಪುಟ್ಟ ಸ್ನಾಯುಗಳಿಗೆ ಬಣ್ಣದ ಪೆನ್ಸಿಲಿನಲ್ಲಿ ಗುಲಾಬಿ ತುಂಬಿದ್ದ, ಎಲುಬಿಗೆ ಹಳದಿ. ಒಂದು ಕಡೆಯೂ ಗೆರೆ ದಾಟಿರಲಿಲ್ಲ. ಅಂಚಿನ ಕಪ್ಪು ಪಟ್ಟಿ ಕಪ್ಪಾಗಿಯೇ ಇತ್ತು.

‘ಅದರೊಳಗೆ ಏನಿದೆ ಅಂತ ನನಗೆ ಗೊತ್ತಿತ್ತು’ ಎಂದ ಪುಟ್ಟ, ಪೆಟ್ಟಿಗೆಗೆ ಹಗ್ಗ ಸುತ್ತುತ್ತ.

ಆಕೆ ತಿರುಗಿದಳು.

‘ಓದೋ ಕಾಲದಲ್ಲೇ ಇಟ್ಟಿಗೆ ನೋಡಿದ್ದೆ. ಪರೀಕ್ಷೆಗೆ ಅಂತ ಎದುರು ಪುಟ ಪೂರ್ತಿ ಉರು ಹೊಡೆದಿದ್ದೆ. ಆಮೇಲೆ ಮರೆತೆ. ಅಷ್ಟೇ ನಡೆದದ್ದು. ನಿನ್ನ ನಿಯಮ ಇದ್ರೂ ಇಲ್ಲದಿದ್ರೂ ನಾನು ಹಾಗೇ ಹಾಕ್ತಿದ್ದೆ. ಸುಮ್ನೆ ತಲೆಗೆ ಹಚ್ಕೋಬೇಡ.’

ಪುಟ್ಟ ಪಾಸಾಗಿ, ಕ್ಲಿನಿಕ್ ಇಟ್ಟು, ಮದುವೆಯೂ ಆದ ಮೇಲೆ ಇಟ್ಟಿಗೆ ಲೈಬ್ರರಿಗೆ ಬಂದದ್ದು. ಬಸ್ಸಿನಲ್ಲಿ ತಂದವಳು ಆಕೆಯೇ. ಯಾವ ಪುಸ್ತಕ ಯಾವಾಗ ಬಂತು ಎಂಬುದರಲ್ಲಿ ಆಕೆಗೆ ತಪ್ಪುವ ಪ್ರಶ್ನೆಯೇ ಇರಲಿಲ್ಲ, ಮತ್ತು ಅದು ಪುಟ್ಟನಿಗೂ ಗೊತ್ತು. ಹಗ್ಗದ ಗಂಟನ್ನು ಅವನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಗಿಯುತ್ತಿದ್ದ. ಆಧಾರ ಎಲ್ಲಿ ಎಂದು ಕೇಳದೆ ಒಂದು ಸಾಲನ್ನೂ ಮುಂದೆ ಹೋಗಲು ಬಿಡದವಳು ಬಾಯಿ ತೆರೆದಳು. ಅವನ ಬಾಗಿದ ಕತ್ತು, ಕತ್ತಿನ ಮೇಲಿನ ನರೆತ ಕೂದಲು ಕಂಡಿತು.

‘ಹೌದಾ?’ ಎಂದಳು.

‘ಹೌದು.’

‘ಸರಿ ಹಾಗಾದ್ರೆ.’

ಅವನು ಮೂಗು ಒರೆಸಿಕೊಂಡು ಎದ್ದು ಮಂಚದ ತಲೆಯ ಕಡೆ ಹಿಡಿದ. ಆಕೆ ಕಾಲಿನ ಕಡೆ ಹಿಡಿದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೆಟ್ಟಿಲ ತಿರುವಿನಲ್ಲಿ ಅದು ಅಡ್ಡ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಹೋಗದು. ಅಕ್ಕ ತಮ್ಮ ಇಬ್ಬರೂ ಮಂಚದ ಆಚೆ ಈಚೆ ಏದುಸಿರು ಬಿಡುತ್ತ ನಿಂತರು.

‘ನಿನ್ನ ಕಡೆ ಸ್ವಲ್ಪ ಎತ್ತು’ ಎಂದ ಪುಟ್ಟ. ‘ನಿಧಾನ. ಕೈ ಜೋಪಾನ.’